ಮಧ್ಯಾಹ್ನದ ಆಯಿ

"ನೀವು ಮಧ್ಯಾಹ್ನ ಬಂದು ಕೂಡೂದು ಬಿಡಬೇಕ್ರಿ ಮೇಡಮ್ಮಾರ," ಎಂದ ಅಜಯ, ಬಾಲವಾಡಿಯ ಗೇಟಿಗೆ ಅಡ್ಡ ನಿಂತು. "ಹಿಂಗಾದ್ರ ಕೂಸಿಗೆ ಸಾಲಿ ರೂಢಿ ಆಗೂದಿಲ್ಲ."

ಮಗಳ ಕೈ ಹಿಡಿದಿದ್ದ ಮೃಣ್ಮಯಿ ಹಾಗೇ ನಿಂತಳು. ಬೈಗುಳವೇನೂ ಅಲ್ಲ ಅದು. ಹೇಳುವಾಗ ಅವನ ಕಣ್ಣು ಅವಳ ಮುಖದ ಮೇಲಿರದೆ ಹೆಗಲಿನ ಚೀಲದ ಮೇಲಿತ್ತು. ತುಟಿಯ ಒಂದು ತುದಿಯಲ್ಲಿ ನಗು ಅಡಗಿಸಿಕೊಂಡಿದ್ದ.

"ನಾ ಯಾವಾಗ ಬಂದಿದ್ದೆ?"

"ದಿನಾ ಬರ್ತೀರಂತ. ಪೂನಮ್ ಹೇಳ್ಯಾಳ. ಮಧ್ಯಾಹ್ನ ಆಯಿ ಬರ್ತಾಳ, ನನ್ನ ಬಾಜೂಕ ಕೂಡ್ತಾಳ ಅಂತ. ನಾ ಹಿತ್ತಲಕ್ಕ ಹೋದಾಗ ಸಪ್ಪಳ ಮಾಡದ ಬಂದು ಹೋಗ್ತೀರಿ. ಸುಳ್ಳೇನ್ರಿ?"

ಅವಳ ಕೆನ್ನೆ ಬಿಸಿಯಾಯಿತು. ಬೆಳಗಿನ ಕಳ್ಳತನ ಇವನಿಗೆ ಗೊತ್ತಾಗಿದೆ. ಮಗಳನ್ನು ಒಳಗೆ ಕಳಿಸಿ, ಸ್ಕೂಟಿ ಸ್ಟಾರ್ಟ್ ಮಾಡಿದಂತೆ ಮಾಡಿ, ಮತ್ತೆ ಕಿಟಕಿಯ ಪಕ್ಕ ಬಂದು ನಿಲ್ಲುತ್ತಿದ್ದಳು.

"ಮುಂಜಾನೆ ಖಿಡಕಿಯಿಂದ ನೋಡ್ತೀನಿ, ಅದು ಖರೆ. ಮಧ್ಯಾಹ್ನ ಮಾತ್ರ ನಾ ರಬಕವಿ ಪೋಸ್ಟ್ ಆಫೀಸಿನ ಕೌಂಟರ್ ಬಿಟ್ಟು ಏಳೂದಿಲ್ಲ. ಬೇಕಾದ್ರ ಬಂದು ನೋಡ್ರಿ."

"ಬರ್ತೇನ್ರಿ. ಒಂದು ಸ್ಟಾಂಪ್ ತಗೊಳ್ಳೂ ನೆವದಾಗ ಬರ್ತೇನಿ."

ಈ ಸಲ ಅವನ ಕಣ್ಣು ಅವಳ ಮುಖಕ್ಕೇ ಬಂತು. ಬಂದದ್ದು ತುಸು ಹೆಚ್ಚು ಹೊತ್ತೇ ಉಳಿಯಿತು. ಮೃಣ್ಮಯಿ ಬಗ್ಗಿ ಮಗಳ ಫ್ರಾಕಿನ ಗುಂಡಿ ಸರಿ ಮಾಡತೊಡಗಿದಳು. ಗುಂಡಿ ಸರಿಯಾಗಿಯೇ ಇತ್ತು.

"ಕೂಸು ನಿಮ್ಮನ್ನ ನೆನಸ್ಕೊಂಡು ಹಂಗ ಹೇಳಿರಬೇಕು ಬಿಡ್ರಿ," ಎಂದು ಅಜಯ ಪೂನಮ್‌ಳನ್ನು ಎತ್ತಿಕೊಂಡು ಒಳಗೆ ಹೋದ.

ಮೃಣ್ಮಯಿ ಜಮಖಂಡಿಯವಳು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಪೂನಮ್ ಇನ್ನೂ ಅಂಬೆಗಾಲಿಡುತ್ತಿದ್ದಾಗ ಗಂಡ ಒಂದು ಸಂಜೆ ಮುಧೋಳದಿಂದ ಬೈಕಿನಲ್ಲಿ ಹೊರಟವನು ಮನೆಗೆ ಬರಲಿಲ್ಲ. ಹಿಂಬದಿಗೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಯಲ್ಲಿ ನಿಂತಿತ್ತು, ಬೈಕು ಅದಕ್ಕೆ ಬಡಿದಿತ್ತು. ಅಂದಿನಿಂದ ಯಾರನ್ನೇ ಬೀಳ್ಕೊಡುವುದೆಂದರೆ ಅವಳಿಗೆ ಎದೆ ಹಿಂಡಿದಂತಾಗುತ್ತದೆ. ಪೋಸ್ಟ್ ಆಫೀಸಿನಲ್ಲಿ ಕೆಲಸ ಸಿಕ್ಕ ಮೇಲೆ ಬನಹಟ್ಟಿಯ ನೇಕಾರರ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಳು. ಮೂರು ತುಂಬಿದ ಮಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದ್ದು ಈ ಆಷಾಢದಲ್ಲಿ, ಬಾಲವಾಡಿಗೆ ಸೇರಿಸಿದಾಗಲೇ.

ಬಾಲವಾಡಿ ಎಂದರೆ ಅಜಯನ ಹಿರಿಯರ ಹಳೆಯ ಕೈಮಗ್ಗದ ಶೆಡ್ಡು. ಓಣಿಯ ಹೆಂಗಸರೆಲ್ಲ ಪವರ್‌ಲೂಮ್‌ಗಳಿಗೆ ಕೆಲಸಕ್ಕೆ ಹೋಗುವವರು. ಮಕ್ಕಳನ್ನು ಬಿಡಲು ಜಾಗವಿರಲಿಲ್ಲ. ಮುಧೋಳದ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಅಜಯ ಅದನ್ನು ಬಿಟ್ಟು ಬಂದು, ಓಣಿಯವರನ್ನು ಕೂಡಿಸಿಕೊಂಡು ಸುಣ್ಣ ಬಳಿದು, ಚಾಪೆ ಹಾಸಿದ. ಗಂಡಸು ಬಾಲವಾಡಿ ನಡೆಸುವುದೇ ಎಂದು ನಕ್ಕವರ ಮಕ್ಕಳೇ ಈಗ ಅವನ ಕೊರಳಿಗೆ ಜೋತುಬೀಳುತ್ತಿದ್ದವು.

ಆ ಸಂಜೆ ಮಗಳಿಗೆ ಅನ್ನ ಕಲಸುತ್ತ ಮೃಣ್ಮಯಿ ಕೇಳಿದಳು. "ಪೂನಾ, ಮಧ್ಯಾಹ್ನ ನಾ ಬರ್ತೀನಿ ಅಂತ ಸರ್ ಮುಂದ ಯಾಕ ಸುಳ್ಳು ಹೇಳಿದಿ?"

"ನೀ ಅಲ್ಲ," ಎಂದಳು ಪೂನಮ್. "ಆ ಆಯಿ."

"ಯಾವ ಆಯಿ?"

"ಕಾಲಿಲ್ಲದ ಆಯಿ."

ಮೃಣ್ಮಯಿಯ ಕೈ ತಟ್ಟೆಯಲ್ಲೇ ನಿಂತಿತು.

"ಆಯಿಗೆ ಕಣ್ಣು ಐತಿ. ಕೈ ಐತಿ. ಕಾಲಿಲ್ಲ. ನೆಲದಾಗಿಂದ ಇಷ್ಟ ಬಂದಾಳ." ಹುಡುಗಿ ತನ್ನ ಸೊಂಟದ ಮೇಲೆ ಅಡ್ಡ ಕೈಯಿಟ್ಟು ತೋರಿಸಿದಳು. "ಹಿಂಗ ಮಾಡ್ತಾಳ." ಬಲಗೈಯನ್ನು ಜಗ್ಗಿದಂತೆ ಮಾಡಿ, ಎಡಗೈಯಲ್ಲಿ ಏನನ್ನೋ ಎದೆಯ ಕಡೆಗೆ ಎಳೆದುಕೊಂಡಳು. ಮತ್ತೆ ಜಗ್ಗಿದಳು. ಮತ್ತೆ ಎಳೆದುಕೊಂಡಳು. ಆ ಪುಟ್ಟ ಕೈಗಳ ಲಯದಲ್ಲಿ ಮಕ್ಕಳಾಟದ ತಪ್ಪು ಒಂದೂ ಇರಲಿಲ್ಲ.

ಅವರ ಮನೆಯಲ್ಲಿ ಯಾರೂ 'ಐತಿ' ಅನ್ನುತ್ತಿರಲಿಲ್ಲ. 'ಅದ' ಅನ್ನುತ್ತಿದ್ದರು. ಓಣಿಯ ಮಕ್ಕಳಿಂದ ಕಲಿತಿರಬೇಕು ಎಂದುಕೊಂಡಳು ಮೃಣ್ಮಯಿ. ಆದರೆ ಆ ಮಾತಿನಲ್ಲಿದ್ದ ಎಳೆತ ಮಕ್ಕಳದಾಗಿರಲಿಲ್ಲ, ಮುದುಕರದಾಗಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ ಹೋದಳು.

ಬನಹಟ್ಟಿಯ ಓಣಿಯಲ್ಲಿ ಮಗ್ಗದ ಖಟಖಟ ಇಲ್ಲದ ಗಳಿಗೆ ಕಡಿಮೆ. ಅಲ್ಲಿ ಹುಟ್ಟಿದವರಿಗೆ ಅದು ಕೇಳಿಸುವುದೇ ಇಲ್ಲ. ಊಟದ ಹೊತ್ತಿಗೆ ಮಾತ್ರ ಒಂದೊಂದೇ ಪವರ್‌ಲೂಮ್ ನಿಂತು, ಕೊನೆಯದೂ ನಿಂತಾಗ, ಕಿವಿಯಲ್ಲಿ ನೀರು ಹೊಕ್ಕಂಥ ಮೌನ ಓಣಿಗೆಲ್ಲ ಇಳಿಯುತ್ತದೆ. ಮೃಣ್ಮಯಿ ಬಾಲವಾಡಿಯ ಹೊಸ್ತಿಲು ದಾಟಿದ್ದು ಆ ಮೌನದಲ್ಲೇ.

ಮಕ್ಕಳೆಲ್ಲ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಗೋಡೆಗೆ ಒರಗಿ ಕೂತಿದ್ದ ಅಜಯ ಅವಳನ್ನು ಕಂಡು ಏಳಲು ಹೋದ. ಅವಳು ಬೇಡವೆಂದು ಕೈ ಮಾಡಿದಳು. ಪೂನಮ್ ಎಲ್ಲ ಮಕ್ಕಳಿಂದ ದೂರ, ಶೆಡ್ಡಿನ ಒಳಮೂಲೆಯಲ್ಲಿ, ನೆಲಕ್ಕೆ ಹಾಕಿದ ದೊಡ್ಡ ಪರ್ಸಿಕಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ನಿದ್ದೆಯಲ್ಲಿ ನಗುತ್ತಿದ್ದಳು.

ಆಗ ಕೇಳಿಸಿತು.

ಟಕ್. ಸ್ವಲ್ಪ ತಡೆದು, ಬಟ್ಟೆ ಜಾರಿದಂಥ ಸಪ್ಪಳ. ಮತ್ತೆ ಟಕ್. ಪವರ್‌ಲೂಮಿನ ಅವಸರ ಅದರಲ್ಲಿರಲಿಲ್ಲ. ಒಂದು ಮನುಷ್ಯಜೀವ ಉಸಿರು ತೆಗೆದುಕೊಳ್ಳುತ್ತ, ಬಿಡುತ್ತ ಮಾಡುವ ಸಪ್ಪಳ. ಅದು ಕಲ್ಲಿನ ಕೆಳಗಿನಿಂದ ಬರುತ್ತಿತ್ತು.

ಮೃಣ್ಮಯಿ ಅಜಯನ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ನಿಮಗೂ ಕೇಳಾಕತ್ತೇತೇನ್ರಿ?" ಎಂದು ಪಿಸುಗುಟ್ಟಿದ.

"ಕೇಳ್ಲಿಕ್ಕತ್ತದ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟ. "ಈ ಸಾಲಿ ಶುರು ಆದಾಗಿಂದ ಕೇಳತೈತ್ರಿ. ನನಗ ತಲಿ ಕೆಟ್ಟೈತಿ ಅಂತ ತಿಳಿದಿದ್ದೆ. ಯಾರ ಮುಂದೂ ಹೇಳಿಲ್ಲ."

ಅವಳು ಅವನ ಪಕ್ಕ ಕೂತಳು. ಕೂತದ್ದು ಧೈರ್ಯ ಹೇಳಲೋ, ಧೈರ್ಯಕ್ಕೋ ಅವಳಿಗೇ ತಿಳಿಯಲಿಲ್ಲ. ಮಗಳು ಹೇಳಿದ್ದನ್ನೆಲ್ಲ ಹೇಳಿದಳು. ಪೂನಮ್ ಮಾಡಿದಂತೆ ಬಲಗೈ ಜಗ್ಗಿ, ಎಡಗೈ ಎಳೆದು ತೋರಿಸಿದಾಗ ಅಜಯ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿಬಿಟ್ಟ.

"ಅದು ಕುಣಿಮಗ್ಗ ನೇಯೂದ್ರಿ. ನೆಲದಾಗ ಕುಣಿ ತೋಡಿ, ಕಾಲು ಒಳಗ ಇಳಿಬಿಟ್ಟು ಕೂತು ನೇಯ್ತಾರ. ಮುಂದಿನಿಂದ ನೋಡಿದ್ರ ಸೊಂಟದ ಮ್ಯಾಲಿಂದಷ್ಟ ಕಾಣ್ತಾರ." ಅವನು ಮೂಲೆಯ ಕಲ್ಲಿನ ಕಡೆ ಕಣ್ಣು ಮಾಡಿದ. "ಆ ಪರ್ಸಿ ಕೆಳಗ ನಮ್ಮ ಅಜ್ಜಿ ಕುಣಿ ಐತಿ. ಆಕಿ ಸತ್ತ ಮ್ಯಾಲ ಮಗ್ಗ ಬಿಚ್ಚಿ ಹಾಕಿದ್ವಿ. ಬಾಲವಾಡಿ ಮಾಡುವಾಗ ಮಕ್ಕಳು ಬಿದ್ದಾವು ಅಂತ ನಾನ ಕಲ್ಲು ಮುಚ್ಚಿಸಿ ಸಿಮೆಂಟ್ ಹಚ್ಚಿಸೇನಿ. ಅಲ್ಲಿ ಕುಣಿ ಐತಿ ಅಂತ ಪೂನಮ್‌ಗ ಯಾರು ಹೇಳ್ಯಾರು?"

"ಅಜ್ಜಿ ಹೆಸರು?"

"ಬೋರವ್ವ." ಅವನು ತಡೆದ. "ನಾವು ಅಜ್ಜಿಗೆ ಆಯಿ ಅಂತೇವ್ರಿ."

ಅವಳ ಮನೆಯಲ್ಲಿ ತಾಯಿಗೆ ಆಯಿ. ಅವನ ಮನೆಯಲ್ಲಿ ಅಜ್ಜಿಗೆ ಆಯಿ. ಅವನು ಅವಳ ಮಣಿಕಟ್ಟು ಇನ್ನೂ ಬಿಟ್ಟಿರಲಿಲ್ಲ. ಓಣಿಯಲ್ಲಿ ಮೊದಲ ಪವರ್‌ಲೂಮ್ ಮತ್ತೆ ಶುರುವಾಗಿ ಆ ಸಪ್ಪಳವನ್ನು ನುಂಗಿದಾಗಷ್ಟೇ ಅವನಿಗೆ ನೆನಪಾಗಿ, ಬೆಂಕಿ ಮುಟ್ಟಿದವನಂತೆ ಕೈ ತೆಗೆದ.

"ತಪ್ಪಾತ್ರಿ."

"ಇರ್ಲಿ ಬಿಡ್ರಿ," ಎಂದಳು ಮೃಣ್ಮಯಿ. ಸ್ಕೂಟಿಯ ಮೇಲೆ ಮನೆಗೆ ಹೋಗುವಾಗಲೂ ಆ ಮಣಿಕಟ್ಟು ಬೇರೆಯಾಗಿಯೇ ಬೆಚ್ಚಗಿತ್ತು.

ಆಮೇಲೆ ಅವಳು ಊಟದ ಬಿಡುವಿನಲ್ಲಿ ಬರತೊಡಗಿದಳು. ರಬಕವಿಯಿಂದ ಬನಹಟ್ಟಿ ಏನು ಮಹಾ ದೂರ! ಮಗಳನ್ನು ಕಾಯಲು ಬರುತ್ತೇನೆ ಎಂದು ತನಗೇ ಹೇಳಿಕೊಂಡಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

"ಬರೂದು ಬಿಡ್ರಿ ಅಂತ ಹೇಳಿದವರು ನೀವ," ಎಂದು ಒಂದು ದಿನ ಕೆಣಕಿದಳು.

"ಹೇಳಿದ್ದೆ. ಮಾತು ಕೇಳೂ ಪಾಲಕರು ನಮ್ಮ ಬಾಲವಾಡಿಗೆ ಸಿಕ್ಕಿಲ್ರಿ, ಏನ್ ಮಾಡೂದು." ಹಾಗೆನ್ನುತ್ತ ಅವನು ಅವಳ ಪಾಲಿನ ರೊಟ್ಟಿ ಬಿಸಿ ಆರದಂತೆ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನು ಬಿಚ್ಚುತ್ತಿದ್ದ. ಶೇಂಗಾ ಚಟ್ನಿಗೆ ಮೊಸರು ಬೇಕೆಂದು ಅವಳು ಎಂದೋ ಒಮ್ಮೆ ಅಂದದ್ದು. ಅಂದಿನಿಂದ ಮೊಸರು ತಪ್ಪಿರಲಿಲ್ಲ.

ಮಗ್ಗಗಳು ನಿಂತ ಮೇಲೆ ಇಬ್ಬರೂ ಗೋಡೆಗೆ ಒರಗಿ ಕೂತು ಕಾಯುವರು. ಸಪ್ಪಳ ಶುರುವಾಗುವ ಮೊದಲು ಶೆಡ್ಡಿನ ಗಾಳಿ ತಣ್ಣಗಾಗುತ್ತಿತ್ತು, ಹಸಿ ಗಂಜಿಯ ವಾಸನೆ ಬರುತ್ತಿತ್ತು. ನೂಲಿಗೆ ಗಂಜಿ ಕೊಡುವುದನ್ನು ಅಲ್ಲಿ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಮೊದಲ ಟಕ್ ಕೇಳಿದೊಡನೆ ಮೃಣ್ಮಯಿಯ ಕೈ ಚಾಪೆಯ ಮೇಲೆ ಹುಡುಕುವುದು, ಅವನ ಕೈ ಅಲ್ಲೇ ಇರುವುದು. ಎದೆ ಹೊಡೆದುಕೊಳ್ಳುತ್ತಿದ್ದುದು ಹೆದರಿಕೆಗೋ, ಆ ಕೈಗೋ? ಎರಡನ್ನೂ ಬಿಡಿಸಿ ನೋಡಲು ಅವಳಿಗೆ ಆಗಲಿಲ್ಲ. ಬಿಡಿಸುವ ಮನಸ್ಸೂ ಇರಲಿಲ್ಲ.

ಬಾಲವಾಡಿಯಲ್ಲಿ ಅಡುಗೆ ಮಾಡುವ ತಾರವ್ವ ಇದನ್ನೆಲ್ಲ ನೋಡಿಯೂ ನೋಡದಂತಿದ್ದಳು. ಒಂದು ದಿನ ಅಜಯ ಹೊರಗೆ ಹೋದಾಗ ಬಂದು ಮೃಣ್ಮಯಿಯ ಎದುರು ಕುಕ್ಕರುಗಾಲಲ್ಲಿ ಕೂತಳು.

"ಬಾಯಾರ, ಬೋರವ್ವನ ಸುದ್ದಿ ಆ ಹುಡುಗಗ ಪೂರಾ ಗೊತ್ತಿಲ್ಲ. ಅವರಪ್ಪ ಹೇಳಲಿಲ್ಲ. ಬೋರವ್ವಗ ಒಬ್ಬಾಕಿ ಮಗಳಿದ್ಲು, ನಿಮ್ಮ ಪೂನಮ್ ವಾರಗಿ, ಇಷ್ಟ ವಯಸ್ಸಿನಾಕಿ. ಬೋರವ್ವ ನೇಯುವಾಗ ಬೆನ್ನ ಹಿಂದ ಆಡಕೋತ ಕೂಡಾಕಿ. ಒಂದು ದಿನ ಮಧ್ಯಾಹ್ನ ಸೀರಿ ಮುಗಸೂ ಅವಸರದಾಗ ಈಕಿ ಹೊಳ್ಳಿ ನೋಡಲಿಲ್ಲ. ಕೂಸು ಮಲಗೇತಿ ಅಂತ ತಿಳಿದ್ಲು. ಹೊಳ್ಳಿ ನೋಡುದರಾಗ ಕೂಸು ಇಲ್ಲ."

"ಏನಾಗಿತ್ತು?"

"ಯಾರಿಗೆ ಗೊತ್ತು? ಬಾಂವಿ ನೋಡಿದ್ರು, ಹೊಳಿ ನೋಡಿದ್ರು. ಸಿಗಲಿಲ್ಲ. ಬೋರವ್ವ ಆ ಮ್ಯಾಲೂ ಭಾಳ ವರ್ಷ ನೇಯ್ದಳು ನೋಡ್ರಿ. ಆದ್ರ ಒಂದೊಂದು ಎಳಿಗೂ ಹೊಳ್ಳಿ ನೋಡಾಕಿ. ಸಾಯೂತನಕ ಕುಣಿ ಬಿಟ್ಟು ಏಳಲಿಲ್ಲ. ಬಂದ್ರ ಇಲ್ಲಿಗೇ ಬರ್ತಾಳ, ನಾ ಇಲ್ಲೇ ಇರಬೇಕು ಅನ್ನಾಕಿ."

ಆ ಸಂಜೆ ಪೂನಮ್ ನಿದ್ದೆಗಣ್ಣಿನಲ್ಲಿ ತಾಯಿಯ ಕಿವಿಯಲ್ಲಿ ಹೇಳಿದಳು. "ನಾಳಿಂದ ನಾ ಮನಿಗೆ ಬರೂದಿಲ್ಲ. ಆಯಿ ಇಲ್ಲೇ ಇರು ಅಂದಾಳ. ಒಳಗ ಜಾಗಾ ಐತಂತ."

ಮೃಣ್ಮಯಿ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುತ್ತಲೇ ಜಮಖಂಡಿಗೆ ಫೋನ್ ಮಾಡಿದಳು. ತಾಯಿ ರಾಧಾಬಾಯಿ ಮೊದಲ ಬಸ್ಸಿಗೇ ಬಂದಿಳಿದರು. ಮಗಳ ಬಾಯಿಂದ ಎಲ್ಲ ಕೇಳಿದರು. ಕಾಲಿಲ್ಲದ ಆಯಿಯ ವಿಷಯಕ್ಕೆ ಅವರ ಮುಖ ಗಂಭೀರವಾಯಿತು. ಮಾಸ್ತರನ ಹೆಸರು ಮತ್ತೆ ಮತ್ತೆ ಬಂದಾಗ ಇನ್ನೂ ಗಂಭೀರವಾಯಿತು.

"ಅಗ ಮೃಣ್ಮಯೀ, ನಿನಗ ಹಿಡದ ದೆವ್ವ ಒಂದ ಅದ ಏನ, ಎರಡು ಅವ ಏನ?" ಎಂದರು ಕೊನೆಗೆ. "ಇವತ್ತ ಹೆಸರು ತೆಗಸಿ ಬಾ. ಕೂಸು ಜಮಖಂಡಿಯಾಗ ನನ್ನ ಹತ್ರ ಇರ್ಲಿ. ಅಲ್ಲಿ ಛಲೋ ಇಂಗ್ಲಿಷ್ ನರ್ಸರಿ ಅವ."

ಮಧ್ಯಾಹ್ನ ಮೂವರೂ ಬಾಲವಾಡಿಗೆ ಹೋದರು. ರಾಧಾಬಾಯಿ ಮೊಮ್ಮಗಳನ್ನು ಹಿಡಿದು ಬಾಗಿಲಲ್ಲೇ ನಿಂತರು. ಮೃಣ್ಮಯಿ ಅಂಗಳದ ಬೇವಿನ ಮರದ ಕೆಳಗೆ ಅಜಯನಿಗೆ ವಿಷಯ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಶಾಲೆ ಬಿಟ್ಟ ಮೇಲಿನ ಅಂಗಳದಂತಾಯಿತು.

"ನಾಳಿಂದ ನೀವೂ ಬರೂದಿಲ್ಲೇನ್ರಿ?"

"ಕೂಸು ಇಲ್ದ ನಾ ಯಾಕ ಬರ್ಲಿ?"

"ಅದಕ್ಕ ಉತ್ತರ ನನ್ನ ಹತ್ರ ಐತ್ರಿ," ಎಂದ ಅಜಯ. "ಆದ್ರ ಇವತ್ತ ಅದನ್ನ ಹೇಳೂದು ತಪ್ಪಾಕೈತಿ. ನೀವು ಹೆದರೀರಿ. ನಾನೂ ಹೆದರೇನಿ. ಕರಕೊಂಡು ಹೋಗ್ರಿ."

ಏನೋ ಹೇಳಲು ಬಾಯಿ ತೆರೆದಳು. ಅದೇ ಹೊತ್ತಿಗೆ ಓಣಿಯ ಮಗ್ಗಗಳು ನಿಂತವು. ಮೌನದಲ್ಲಿ ರಾಧಾಬಾಯಿಯ ಕೂಗು ಕೇಳಿಸಿತು.

"ಪೂನಾ! ಈಗ ಕೈ ಹಿಡಕೊಂಡಿದ್ಲು... ಈಗ ಇದ್ಲಲ್ಲ ಇಲ್ಲೆ!"

ಶೆಡ್ಡಿನಲ್ಲಿ ಮಲಗಿದ ಮಕ್ಕಳಿದ್ದರು, ಪೂನಮ್ ಇರಲಿಲ್ಲ. ಹಿತ್ತಲಲ್ಲಿರಲಿಲ್ಲ, ಅಡುಗೆಮನೆಯಲ್ಲಿರಲಿಲ್ಲ. ತಾರವ್ವ ಓಣಿಗೆ ಓಡಿದಳು. ಗಂಡಸರು ಊಟದ ತಟ್ಟೆ ಬಿಟ್ಟು ಬಂದರು. ಮೃಣ್ಮಯಿ ಮಾತ್ರ ಎಲ್ಲೂ ಓಡಲಿಲ್ಲ. ನೇರವಾಗಿ ಒಳಮೂಲೆಗೆ ಹೋಗಿ, ಪರ್ಸಿಕಲ್ಲಿಗೆ ಕಿವಿಯಿಟ್ಟು ಮಲಗಿದಳು.

ಕೆಳಗೆ ಮಗ್ಗ ನಡೆಯುತ್ತಿತ್ತು. ಅದರ ಲಯಕ್ಕೆ ಸರಿಯಾಗಿ ಒಂದು ಮಗುವಿನ ದನಿ ಗುನುಗುತ್ತಿತ್ತು.

"ಇಲ್ಲಿ ಇದ್ದಾಳ!" ಎಂದು ಚೀರಿದಳು. "ಅಜಯ, ಇದನ್ನ ಒಡೀರಿ!"

ಕಲ್ಲಿನ ಸುತ್ತ ಸಿಮೆಂಟು ಹಾಕಿದಂತೆಯೇ ಇತ್ತು. ಕೂದಲೆಳೆಯ ಬಿರುಕೂ ಇರಲಿಲ್ಲ. ಬಂದವರು ಮುಖ ಮುಖ ನೋಡಿಕೊಂಡರು. ಅಜಯ ಯಾರನ್ನೂ ಕೇಳದೆ ಕಬ್ಬಿಣದ ಹಾರೆ ತಂದು ಹೊಡೆದ. ಮೇಲಿಂದ ಮೇಲೆ ಹೊಡೆದ. ಅಂಗೈ ಹರಿದು ರಕ್ತ ಬಂದರೂ ಬಿಡಲಿಲ್ಲ. ಉಳಿದವರೂ ಕೈ ಹಾಕಿ ಕಲ್ಲು ಸರಿಸಿದಾಗ ಒಳಗಿನಿಂದ ಹಸಿ ಗಂಜಿಯ ವಾಸನೆ ದಟ್ಟವಾಗಿ ಎದ್ದಿತು.

ಕುಣಿಯ ತಳದಲ್ಲಿ ಪೂನಮ್ ಮಡಚಿಕೊಂಡು ಮಲಗಿದ್ದಳು. ಅಜಯ ಇಳಿದು ಎತ್ತಿಕೊಟ್ಟ. ಮೈ ತಣ್ಣಗಿತ್ತು, ಉಸಿರು ಸರಿಯಾಗಿತ್ತು. ಕಣ್ಣು ಬಿಟ್ಟು ತಾಯಿಯನ್ನು ನೋಡಿ, "ನನ್ನ ಯಾಕ ಎಬ್ಬಿಸಿದಿ?" ಎಂದು ಮುನಿಸಿಕೊಂಡಳು.

ರಬ್ಬರ್ ಬ್ಯಾಂಡಿಗೂ ಸರಿಯಾಗಿ ಸಿಗದ ಅವಳ ಗಿಡ್ಡ ಕೂದಲನ್ನು ಯಾರೋ ನಡುವೆ ಬೈತಲೆ ತೆಗೆದು, ಬಿಗಿಯಾಗಿ ಎರಡು ಜಡೆ ಹಾಕಿದ್ದರು. ತುದಿಗೆ ಕೆಂಪು ನೂಲು ಕಟ್ಟಿತ್ತು. ಬೋರವ್ವ ತನ್ನ ಮಗಳಿಗೆ ಹಾಕುತ್ತಿದ್ದಂಥದೇ ಜಡೆ ಅದು; ತಾರವ್ವ ನೋಡಿ ಗೋಡೆ ಹಿಡಿದು ಕೂತಳು.

ಆ ಹುಡುಗಿ ಮುಚ್ಚಿದ ಕಲ್ಲಿನ ಕೆಳಗೆ ಹೇಗೆ ಹೋದಳೆಂದು ಬನಹಟ್ಟಿಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ಕಾಂಕ್ರೀಟ್ ಸುರಿದು ತುಂಬಸ್ರಿ ಇದನ್ನ. ಇವತ್ತ," ಎಂದರು ಓಣಿಯ ಹಿರಿಯ ಶಿದ್ರಾಮಪ್ಪ. ಎಲ್ಲರೂ ಹೌದೆಂದರು. ಅಜಯನೂ ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರಿತ್ತು. ಆ ಕುಣಿಯ ದಂಡೆಯಲ್ಲಿ ಕೂತೇ ಅವನು ಬೆಳೆದಿದ್ದ.

"ಬ್ಯಾಡ," ಎಂದಳು ಮೃಣ್ಮಯಿ.

ಮಗಳನ್ನು ರಾಧಾಬಾಯಿಯ ತೋಳಿಗೆ ಕೊಟ್ಟಳು. ತಾಯಿ ವೇಲ್ ಹಿಡಿದು ಜಗ್ಗಿದರೂ ಬಿಡಿಸಿಕೊಂಡು, ಕುಣಿಯ ದಂಡೆಯಲ್ಲಿ ಕೂತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟಳು. ತಂಪು ಮೊಣಕಾಲಿನವರೆಗೆ ಏರಿತು. ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಜಯ ಮಾತ್ರ ಬಂದು ಎದುರಿನ ದಂಡೆಯಲ್ಲಿ ಕೂತ.

"ಆಯಿ," ಎಂದಳು ಅವಳು. "ನನಗೂ ಗೊತ್ತದ ನಿಮ್ಮ ಸಂಕಟ. ಒಬ್ಬರು ಬರ್ತೀನಿ ಅಂತ ಹೋದ್ರು, ಬರಲಿಲ್ಲ. ಬಾಗಲಾ ಸಪ್ಪಳಾದ್ರ ಇವತ್ತಿಗೂ ಹೊಳ್ಳಿ ನೋಡ್ತೀನಿ. ಅದಕ್ಕ ಈ ಕೂಸಿನ ಬೆರಳು ಬಿಡ್ಲಿಕ್ಕೆ ನನಗ ಆಗೂದಿಲ್ಲ. ನಿಮಗೂ ಆಗಲಿಲ್ಲ. ಆದ್ರ ಈಕಿ ನಿಮ್ಮಾಕಿ ಅಲ್ಲ, ಆಯಿ. ನನ್ನಾಕಿ."

ಎಲ್ಲಿಯೂ ಸಪ್ಪಳವಿಲ್ಲ.

"ಸಿಟ್ಟಿಲ್ಲ ನನಗ. ಜಡಿ ಛಲೋ ಹಾಕೀರಿ. ದಿನಾ ಮುಂಜಾನೆ ಈಕಿನ್ನ ಇಲ್ಲಿ ಬಿಟ್ಟು ಹೋಗ್ತೀನಿ. ಖಿಡಕಿಯಿಂದ ನೋಡೂದಿಲ್ಲ. ಹೊಳ್ಳಿ ನೋಡದ ಹೋಗ್ತೀನಿ. ನೀವೂ ಇನ್ನ ಹೊಳ್ಳಿ ನೋಡಬ್ಯಾಡ್ರಿ. ಇಲ್ಲಿ ಬಂದ ಮಕ್ಕಳು ಸಂಜಿಗೆ ಅವರವರ ಮನಿಗೆ ಹೋಗಬೇಕು. ಹೋದ್ರನ ಮರುದಿನ ಬರ್ತಾವ."

ಆಗ ಯಾರೋ ಅವಳ ತಲೆ ಮುಟ್ಟಿದರು.

ಒರಟು ಬೆರಳುಗಳು. ತುದಿಯಲ್ಲಿ ನೂಲು ಕೊಯ್ದು ಕೊಯ್ದು ಬಿದ್ದ ಗೀರುಗಳು ನೆತ್ತಿಗೆ ತಾಕಿದವು. ಹಣೆಯಿಂದ ನೆತ್ತಿಯವರೆಗೆ ಬೈತಲೆ ತೆಗೆದಂತೆ ಒಮ್ಮೆ ಹೋದವು. ಚದುರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದವು. ಮೃಣ್ಮಯಿ ಉಸಿರು ಬಿಗಿಹಿಡಿದು ಎದುರು ನೋಡಿದಳು. ಅಜಯನ ಎರಡೂ ಕೈ ಅವನ ತೊಡೆಯ ಮೇಲಿದ್ದವು. ಅವನ ಕಣ್ಣು ಅವಳ ಹೆಗಲಿನ ಮೇಲುಗಡೆ ನೆಟ್ಟಿತ್ತು. ತುಟಿ 'ಆಯಿ' ಎಂದಿತು, ದನಿ ಬರಲಿಲ್ಲ.

ಬೆರಳುಗಳು ನಿಂತವು. ಕುಣಿಯ ತಂಪು ಪಾದದ ಕಡೆಗೆ ಇಳಿಯುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಅದು ಬರೀ ಮಣ್ಣಿನ ತಂಪಾಗಿ ಉಳಿಯಿತು.

ಆಮೇಲೆ ಮೃಣ್ಮಯಿ ತನ್ನ ವೇಲ್ ಹರಿದು ಅವನ ಅಂಗೈಗೆ ಕಟ್ಟಿದಳು. "ನೋಡಿದ್ರೇನು?" ಎಂದು ಕೇಳಿದಳು.

"ನೋಡಿದೆ. ನಿಮ್ಮ ಹಿಂದ ನಿಂತಿದ್ಲು," ಎಂದ ಅಜಯ. "ಮೃಣ್ಮಯಿಯವರ, ಆಯಿಗೆ ಕಾಲಿದ್ವು. ನಡಕೋತ ಹೋದ್ಲು."

ಕುಣಿಯನ್ನು ತುಂಬಿಸಲಿಲ್ಲ. ಮಕ್ಕಳು ಬೀಳದಂತೆ ಸುತ್ತ ಕಟ್ಟಿಗೆಯ ಕಟಾಂಜನ ಹಾಕಿದರು. ಓಣಿಯವರಿಗೆ ಹೆದರಿಕೆ ಒಮ್ಮೆಲೇ ಹೋಗಲಿಲ್ಲ. ಮುಂದಿನ ಸೋಮವಾರ ಬಾಲವಾಡಿಗೆ ಬಂದದ್ದು ಪೂನಮ್ ಒಬ್ಬಳೇ. ಮೃಣ್ಮಯಿ ಗೇಟಿನಲ್ಲಿ ಅವಳ ಬೆರಳು ಬಿಟ್ಟಳು. ಸ್ಕೂಟಿ ಹತ್ತಿದಳು. ತಿರುವು ದಾಟುವವರೆಗೆ ಕುತ್ತಿಗೆ ಸೆಟೆದು ನೋಯುತ್ತಿತ್ತು, ಆದರೂ ತಿರುಗಲಿಲ್ಲ. ಇಡೀ ದಿನ ಕೌಂಟರಿನಲ್ಲಿ ಗಡಿಯಾರ ನೋಡುತ್ತ ಕಳೆದಳು. ಸಂಜೆ ಹೋದಾಗ ಮಗಳು ಮೈತುಂಬ ಬಣ್ಣ ಬಳಿದುಕೊಂಡು, ತನ್ನ ಮಾಸ್ತರನನ್ನೇ ಕುದುರೆ ಮಾಡಿ ಸವಾರಿ ಮಾಡುತ್ತಿದ್ದಳು. ವಾರ ಕಳೆಯುವುದರಲ್ಲಿ ಉಳಿದ ಮಕ್ಕಳೂ ಬಂದವು.

ರಾಧಾಬಾಯಿ ಮೊಮ್ಮಗಳನ್ನು ಜಮಖಂಡಿಗೆ ಒಯ್ಯುವ ಮಾತು ಬಿಟ್ಟು, ತಾವೇ ಬನಹಟ್ಟಿಯಲ್ಲಿ ಉಳಿದರು. ಮಗಳನ್ನು ಏನೂ ಕೇಳಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಮಾತ್ರ, ಚಹಾ ಸೋಸುತ್ತ, "ಆ ಮಾಸ್ತರಗ ಮರಾಠಿ ಬರ್ತದೇನ?" ಎಂದರು.

"ಇಲ್ಲ."

"ಕಲಸಬೇಕಾಗ್ತದ," ಎಂದು ಚಹಾದ ಕಪ್ಪು ಅವಳ ಮುಂದಿಟ್ಟು ಹೊರಟುಹೋದರು.

ಅದೇ ದಿನ ಸಂಜೆ ಅಜಯ ಮೃಣ್ಮಯಿಯನ್ನೂ ಮಗಳನ್ನೂ ಮನೆಯವರೆಗೆ ಬಿಡಲು ಬಂದ. ನಿದ್ದೆ ಹೋದ ಪೂನಮ್ ಅವನ ಹೆಗಲ ಮೇಲಿದ್ದಳು. ಓಣಿಯ ಎರಡೂ ಕಡೆ ಪವರ್‌ಲೂಮ್‌ಗಳು ಭರದಿಂದ ಓಡುತ್ತಿದ್ದವು. ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದಷ್ಟು ಗದ್ದಲ.

"ಅವತ್ತ ಒಂದು ಉತ್ತರ ಬಾಕಿ ಇಟ್ಟಿದ್ದೆ!" ಎಂದ ಅಜಯ.

"ಏನಂದ್ರಿ?"

"ಉತ್ತರ! ಕೂಸು ಇಲ್ದ ನೀವು ಯಾಕ ಬರಬೇಕು ಅಂತ ಕೇಳಿದ್ರಲ್ಲ!"

"ಕೇಳಸವಲ್ದು! ಜೋರ ಹೇಳ್ರಿ!" ಖರೆ ಹೇಳಬೇಕೆಂದರೆ ಅವಳಿಗೆ ಕೇಳಿಸಿತ್ತು. ಇನ್ನೊಮ್ಮೆ ಕೇಳುವ ಆಸೆ.

ಅವನು ನಿಂತ. ಪೂನಮ್‌ಳ ಕಿವಿಯ ಮೇಲೆ ಅಂಗೈ ಮುಚ್ಚಿ, ಎದೆಯ ತುಂಬ ಉಸಿರು ತೆಗೆದುಕೊಂಡು, ಗಂಟಲು ಬಿರಿಯುವಂತೆ ಕೂಗಿದ. ಅದೇ ಗಳಿಗೆಗೆ ಕರೆಂಟು ಹೋಯಿತು. ಓಣಿಯ ಅಷ್ಟೂ ಮಗ್ಗ ಒಮ್ಮೆಲೇ ನಿಂತವು.

"—ನಿಮ್ಮನ್ನ ಬಿಟ್ಟು ನನಗ ಇರಾಕ ಆಗೂದಿಲ್ಲ! ನನ್ನ ಮದುವಿ ಆಗ್ತೀರೇನು!"

ಆ ಮಾತು ಓಣಿಯ ಈ ತುದಿಯಿಂದ ಆ ತುದಿಗೆ ಹೋಗಿ ಗೋಡೆಗಳಿಗೆ ಬಡಿಯಿತು. ಒಂದೊಂದೇ ಬಾಗಿಲಲ್ಲಿ ತಲೆಗಳು ಕಾಣಿಸಿಕೊಂಡವು. ನೂಲಿನ ಧೂಳು ಮೆತ್ತಿದ ಮುಖಗಳು. ಅಜಯ ನೆಲ ಬಿರಿದರೆ ಸಾಕು ಎಂಬಂತೆ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಕಿವಿಯ ತುದಿಗಳು ಕೆಂಡದಂತೆ ಕೆಂಪಾಗಿದ್ದವು.

ಮೃಣ್ಮಯಿ ಅವನ ಹತ್ತಿರ ಹೋದಳು. ಮಗಳ ಕಿವಿ ಮುಚ್ಚಿದ್ದ ಆ ಕೈಯ ಮೇಲೆ ತನ್ನ ಕೈಯಿಟ್ಟು, ಅವನಿಗೊಬ್ಬನಿಗೇ ಕೇಳುವಷ್ಟು ಸಣ್ಣಗೆ ಒಂದು ಮಾತು ಹೇಳಿದಳು. ಅವನು ಕಣ್ಣು ತೆರೆದ.

"ಏನಂದ್ರಿ ಬಾಯಾರ?" ಎದುರಿನ ಕಟ್ಟೆಯಿಂದ ತಾರವ್ವ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. "ಅಂವ ಅಷ್ಟು ಜೋರ ಕೇಳ್ಯಾನ. ನೀವೂ ಜೋರ ಹೇಳ್ರಿ, ನಮಗೂ ತಿಳೀಲಿ!"

ಕತ್ತಲಾಗುತ್ತಿದ್ದ ಓಣಿಯಲ್ಲಿ ಎಲ್ಲರೂ ಉಸಿರು ಹಿಡಿದು ಕಾಯುತ್ತಿದ್ದರು. ಮೃಣ್ಮಯಿ ಸೆರಗಿನಂತೆ ವೇಲನ್ನು ತಲೆಗೆ ಎಳೆದುಕೊಂಡಳು. ನಗು ತಡೆಯಲಾಗದೆ ಒಮ್ಮೆ ತುಟಿ ಕಚ್ಚಿದಳು.

"ಹೂಂ ಅಂದೆ!" ಎಂದು ಕೂಗಿದಳು.